ಟಿ-55 ಟ್ಯಾಂಕಿನ ಎರಡೂ ಟ್ರ್ಯಾಕ್‌ಗಳನ್ನು ಒಂದೇ ವಾರಾಂತ್ಯದಲ್ಲಿ ಬದಲಿಸಬಹುದೇ?

ಬಿಚ್ಚುವುದೇನೋ ಬಿಚ್ಚಬಹುದು. ನಾವು ಒಂದೇ ಮಧ್ಯಾಹ್ನದಲ್ಲಿ ಬಿಚ್ಚಿದ್ದೆವು. ಆಮೇಲೆ ಆ ಟ್ಯಾಂಕನ್ನು ಚರಂಡಿಯಿಂದ ಎಳೆಯಲು ಮೂರು ದಿನ ಹಿಡಿಯಿತು.

ಇಂಗ್ಲೆಂಡಿನಲ್ಲಿ ಗೆಳೆಯರೊಂದಿಗೆ ಹಣ ಹಾಕಿ ಕೊಂಡ ಹಳೆಯ ಟಿ-55, ಜೋಲುಬಿದ್ದ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಉಕ್ಕಿನ ಸರಪಳಿ), ಸವೆದ ಕೊಂಡಿಗಳನ್ನಷ್ಟೇ ಬದಲಿಸುವುದೋ ಪೂರ್ತಿ ಹೊಸದು ಹಾಕುವುದೋ ಎಂಬ ನಿಮ್ಮ ಗೊಂದಲ, ಎಲ್ಲವನ್ನೂ ಓದಿದೆ. ಆದರೆ ನನ್ನ ಕಣ್ಣು ನಿಂತಿದ್ದು ಕೊನೆಯ ಸಾಲಿನಲ್ಲಿ: “ನಾಲ್ವರಿದ್ದೇವೆ, ಎರಡೂ ಕಡೆ ಒಟ್ಟಿಗೆ ಬಿಚ್ಚಿದರೆ ಬೇಗ ಮುಗಿಯುತ್ತದಲ್ಲವೇ?” 1986ರಲ್ಲಿ ರಾಜಸ್ಥಾನದ ಒಂದು ಶಿಬಿರದಲ್ಲಿ ಇದೇ ಮಾತನ್ನು ನಾನೂ ಆಡಿದ್ದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ, ಸೇನೆಯಲ್ಲಿ ವಾಹನ ಮೆಕ್ಯಾನಿಕ್. ಅರಸೀಕೆರೆಯ ಲಾರಿ ಶೆಡ್ಡಿನಲ್ಲಿ ಕೆಲಸ ಕಲಿತು ಹೋದವನು. ಲಾರಿ ಬಿಚ್ಚಿದವನಿಗೆ ಟ್ಯಾಂಕ್ ಏನು ಮಹಾ ಎಂಬ ಪೊಗರು ಬೇರೆ.

ಅವತ್ತು ನಮ್ಮ ಉಸ್ತಾದ್ ಬೇರೆ ಕೆಲಸಕ್ಕೆ ಹೋಗಿದ್ದರು. ಗೇರಿನಲ್ಲಿ ನಿಲ್ಲಿಸಿ, ಬ್ರೇಕ್ ಎಳೆದು ಬೀಗ ಹಾಕಿದೆ. ಎಡಗಡೆಯ ಟ್ರ್ಯಾಕಿನ ಎರಡು ಕೊಂಡಿಗಳನ್ನು ಸೇರಿಸುವ ಪಿನ್ನನ್ನು ಸಮ್ಮಟಿಗೆಯಿಂದ ಹೊಡೆದು ತೆಗೆದೆವು, ಹಾರೆ ಹಾಕಿ ಟ್ರ್ಯಾಕನ್ನು ಓಡಿಸುವ ಹಿಂದಿನ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್‌ನ ಹಲ್ಲುಗಳಿಂದ ಬಿಡಿಸಿ ಕೆಳಗೆ ಬೀಳಿಸಿದೆವು. ಏನೂ ಆಗಲಿಲ್ಲ. ಅದೇ ಧೈರ್ಯದ ಮೇಲೆ ಬಲಗಡೆಗೆ ಹೋದೆವು. ಅಲ್ಲಿ ಕೊನೆಯ ಹಲ್ಲು ಬಿಟ್ಟಿದ್ದೇ ತಡ, ಟ್ಯಾಂಕ್ ಮುಂದಕ್ಕೆ ಹೊರಟಿತು. ಸದ್ದಿಲ್ಲ, ಅವಸರವಿಲ್ಲ, ಕೊಟ್ಟಿಗೆಯಿಂದ ಎಮ್ಮೆ ಎದ್ದು ಹೋದ ಹಾಗೆ. ನೆಲ ಸಮವಾಗಿದೆ ಎಂದು ನಾವು ನಂಬಿದ್ದೆವು. ಒಂದು ಕೊಡ ನೀರು ಸುರಿದು ನೋಡಿದ್ದರೆ ಇಳಿಜಾರು ಯಾವ ಕಡೆಗಿದೆ ಎಂದು ತಿಳಿಯುತ್ತಿತ್ತು. ಮೂತಿ ಹೋಗಿ ಚರಂಡಿಯ ಆಚೆ ದಡಕ್ಕೆ ಬಡಿಯಿತು, ಟ್ರ್ಯಾಕನ್ನು ಬಿಗಿಯಾಗಿಡುವ ಮುಂದಿನ ಐಡ್ಲರ್ ಚಕ್ರದ ತೋಳು ಬಾಗಿತು. ಅದರ ದಾರಿಯಲ್ಲೇ ಕುಳಿತು ಹೊಸ ಕೊಂಡಿಗಳನ್ನು ಜೋಡಿಸುತ್ತಿದ್ದ ಹುಡುಗ ಎರಡು ನಿಮಿಷದ ಹಿಂದಷ್ಟೇ ಚಹಾ ತರಲು ಎದ್ದು ಹೋಗಿದ್ದ.

ಸಂಜೆ ಉಸ್ತಾದ್ ಬಂದು ಒಂದೇ ಪ್ರಶ್ನೆ ಕೇಳಿದರು: “ಬ್ರೇಕ್ ಎಲ್ಲಿದೆ, ತೋರಿಸು.” ನಾನು ಚಾಲಕನ ಮುಂದಿನ ಹಿಡಿಕೆ ತೋರಿಸಿದೆ. ಅವರು ಕತ್ತು ಹಿಡಿದು ನನ್ನನ್ನು ಹಿಂದಕ್ಕೆ ಕರೆದೊಯ್ದು ಸ್ಪ್ರಾಕೆಟ್ ಮುಂದೆ ನಿಲ್ಲಿಸಿದರು.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ಲಾರಿಯ ಬ್ರೇಕ್ ಚಕ್ರದಲ್ಲೇ ಇರುತ್ತದೆ. ಟ್ಯಾಂಕಿನ ಭಾರ ಹೊರುವ ಚಕ್ರಗಳಲ್ಲಿ ಬ್ರೇಕ್ ಇಲ್ಲ. ಟಿ-55ಕ್ಕೆ ಒಂದೊಂದು ಕಡೆ ಐದರಂತೆ ಹತ್ತು ಚಕ್ರ. ಹತ್ತೂ ಬರೀ ಉರುಳೆಗಳು. ಬ್ರೇಕ್ ಹಿಡಿಯುವುದು ಹಿಂದಿನ ಸ್ಪ್ರಾಕೆಟನ್ನು, ಸ್ಪ್ರಾಕೆಟ್ ಹಿಡಿಯುವುದು ಟ್ರ್ಯಾಕನ್ನು, ಟ್ರ್ಯಾಕ್ ಹಿಡಿಯುವುದು ನೆಲವನ್ನು. ಟ್ರ್ಯಾಕ್ ತೆಗೆದ ಮೇಲೆ ಸ್ಪ್ರಾಕೆಟ್ ಗಾಳಿಯಲ್ಲಿ ಬಿಗಿಯಾಗಿ ನಿಂತಿರುತ್ತದೆ, ಕೆಳಗೆ 36 ಟನ್ ತನ್ನ ಪಾಡಿಗೆ ತಾನು ಉರುಳುತ್ತದೆ. ಗೇರು, ಬೀಗ ಯಾವುದೂ ಲೆಕ್ಕಕ್ಕಿಲ್ಲ. ಎಡಗಡೆ ಬಿಚ್ಚಿದಾಗ ಟ್ಯಾಂಕನ್ನು ಹಿಡಿದಿದ್ದು ನಾನು ಎಳೆದ ಬ್ರೇಕ್ ಎಂದುಕೊಂಡಿದ್ದೆ. ಹಿಡಿದಿದ್ದು ಬಲಗಡೆಯ ಟ್ರ್ಯಾಕ್. ಇನ್ನೊಂದು ಪೆಟ್ಟು ಆಮೇಲೆ ತಿಳಿಯಿತು: ಎರಡೂ ಟ್ರ್ಯಾಕ್ ಇಲ್ಲದ ಟ್ಯಾಂಕ್ ತನ್ನ ಬಲದಿಂದ ಒಂದು ಗೇಣೂ ಚಲಿಸದು. ಬರಿಯ ಚಕ್ರಗಳು ಮರಳಿನಲ್ಲಿ ಹೂತುಹೋಗಿದ್ದವು. ನನ್ನ ಬಡ್ತಿ ಒಂದು ವರ್ಷ ಹಿಂದೆ ಬಿತ್ತು.

ಆದ್ದರಿಂದ ಒಂದು ಕಡೆ ಪೂರ್ತಿ ಮುಗಿಸಿ, ಬಿಗಿ ಮಾಡಿ, ಆಮೇಲೆ ಇನ್ನೊಂದು. ಒಂದೇ ಕಡೆ ಬಿಚ್ಚುವಾಗಲೂ ಚಕ್ರಗಳ ಹಿಂದೆ ಮುಂದೆ ದಪ್ಪ ಮರದ ದಿಮ್ಮಿ ಕೊಡಿ. ಉಳಿದ ಟ್ರ್ಯಾಕ್ ಕೆಲಸಕ್ಕೂ ಬರುತ್ತದೆ: ಆ ಕಡೆಯ ಸ್ಟಿಯರಿಂಗ್ ಹಿಡಿಕೆಯನ್ನು ಪೂರ್ತಿ ಎಳೆದು ಹಿಡಿದರೆ ಬಿಚ್ಚಿದ ಕಡೆಯ ಸ್ಪ್ರಾಕೆಟ್ ಮಾತ್ರ ತಿರುಗುತ್ತದೆ. ಹೊಸ ಟ್ರ್ಯಾಕಿನ ತುದಿಗೆ ಹಗ್ಗ ಕಟ್ಟಿ ಸ್ಪ್ರಾಕೆಟ್‌ಗೆ ಸುತ್ತಿದರೆ ಅದೇ ಮೇಲೆ ಸೆಳೆದುಕೊಳ್ಳುತ್ತದೆ. ಒಂದೊಂದು ಕಡೆ 90 ಕೊಂಡಿ, ಟನ್‌ಗೂ ಮಿಕ್ಕ ತೂಕ. ಅದನ್ನು ಕೈಯಿಂದ ಎತ್ತುವ ಆಸೆ ಬೇಡ. ಪಿನ್ನುಗಳ ತಲೆ ಟ್ಯಾಂಕಿನ ಮೈಯ ಕಡೆಗೇ ಇರಲಿ. ಓಡುವಾಗ ಪಿನ್ ಒಳಕ್ಕೆ ಜಾರಿದರೆ ಮೈಗೆ ಬೆಸೆದಿರುವ ಉಕ್ಕಿನ ಗುಬುಟು ಅದನ್ನು ಬಡಿದು ವಾಪಸ್ ಕಳಿಸುತ್ತದೆ. ತಿರುಗುಮುರುಗಾಗಿ ಹಾಕಿದರೆ ಕಳಿಸುವವರಿಲ್ಲ.

ಇನ್ನು ಹೊಸದೋ ಹಳೆಯದೋ ಎಂಬುದು. ನಿಮಗೆ ಟ್ರ್ಯಾಕೇ ಬೇಡ ಎಂದು ನನ್ನ ಅನುಮಾನ. ಜೋಲು ಬಿದ್ದಿದೆ ಎಂದರೆ ಉಕ್ಕು ಹಿಗ್ಗಿದೆ ಎಂದಲ್ಲ. ಪಿನ್ನೂ ಅದರ ತೂತೂ ಕೂದಲೆಳೆಯಷ್ಟು ಸವೆದು, 90 ಕಡೆ ಸೇರಿ ಅಷ್ಟಾಗಿದೆ. ಐಡ್ಲರನ್ನು ಮುಂದಕ್ಕೆ ತಳ್ಳಿ ಬಿಗಿ ಮಾಡಿ. ಅದಕ್ಕೂ ಬಗ್ಗದಿದ್ದರೆ ಒಂದು ಕೊಂಡಿ ತೆಗೆದುಹಾಕಿ. ವರ್ಷಕ್ಕೆ ನಾಲ್ಕು ಸಲ ಹುಲ್ಲುಗಾವಲಿನಲ್ಲಿ ಓಡಿಸುವ ಗಾಡಿಗೆ ಅಷ್ಟು ಸಾಕು. ಹಳೆಯದರ ನಡುವೆ ಹತ್ತು ಹೊಸ ಕೊಂಡಿ ಸೇರಿಸುವ ಯೋಚನೆ ಮಾತ್ರ ಬಿಟ್ಟುಬಿಡಿ. ಹಲ್ಲಿಗೆ ಒಂದು ಸರಿಯಾಗಿ ಕೂರುತ್ತದೆ, ಇನ್ನೊಂದು ಕೂರುವುದಿಲ್ಲ. ಪಿನ್ನಿನ ಸುತ್ತ ರಬ್ಬರ್ ಬುಶ್ ಇರುವ ಟ್ರ್ಯಾಕ್ ಅಗ್ಗಕ್ಕೆ ಸಿಗುತ್ತಿದೆ ಎಂದಿರಿ. ಅಗಲ ಎರಡಕ್ಕೂ 580 ಮಿಲಿಮೀಟರೇ, ಆದರೆ ಅದಕ್ಕೆ 14 ಹಲ್ಲಿನ ಸ್ಪ್ರಾಕೆಟ್ ಬೇಕು, ಹಳೆಯದಕ್ಕೆ 13. ಹಲ್ಲು ಎಣಿಸಿದ್ದೀರಾ?

ಎಣಿಸುವಾಗ ಅವು ಒಂದೇ ಪಕ್ಕಕ್ಕೆ ಕೊಕ್ಕೆಯಂತೆ ಸವೆದಿವೆಯೇ ಎಂದೂ ನೋಡಿ, ಒಂದು ಫೋಟೊ ಹಾಕಿ. ಅದನ್ನು ನೋಡದೆ ಹೊಸ ಟ್ರ್ಯಾಕ್ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಗಾಡಿ ನಿಂತಿರುವ ನೆಲದ ಫೋಟೊ ಕೂಡ ಹಾಕಿ.