ಆರ್‌ಸಿ ಕಾರು: ಮೋಟರಿಗೆ ಬೆಸುಗೆ ಹಿಡಿಯದಿದ್ದರೆ

ರಿಮೋಟ್ ಕಂಟ್ರೋಲ್ ಕಾರಿನ ವೈರಿಂಗ್ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ (ಸುರತ್ಕಲ್): 540 ಅಳತೆಯ ಬ್ರಷ್ಡ್ (ಇಂಗಾಲದ ಬ್ರಷ್ ಮೂಲಕ ಕರೆಂಟ್ ಪಡೆಯುವ) ಮೋಟರಿಗೆ ಹೊಸ ವೈರ್ ಹಾಕಬೇಕು. ಮನೆಯಲ್ಲಿರುವ 25 ವಾಟಿನ ಸೋಲ್ಡರಿಂಗ್ ಐರನ್ ಎಷ್ಟು ಹೊತ್ತು ಒತ್ತಿ ಹಿಡಿದರೂ ಸೀಸ (ಸೋಲ್ಡರ್) ಗುಂಡುಗುಂಡಾಗಿ ಉದುರುತ್ತದೆ. ಹೆಚ್ಚು ವಾಟಿನದು ತಂದರೆ ಮೋಟರ್ ಹಾಳಾಗುವುದಿಲ್ಲವೇ?

ಉತ್ತರ: ಮೋಟರ್ ಹಾಳಾಗುವ ಸಾಧ್ಯತೆ ಸಣ್ಣ ಐರನ್‌ನಲ್ಲೇ ಹೆಚ್ಚು. 25 ವಾಟಿನದು ಸರ್ಕ್ಯೂಟ್ ಬೋರ್ಡಿನ ಕೆಲಸಕ್ಕೆ ಸರಿ. ದಪ್ಪ ತಾಮ್ರದ ವೈರಿಗೆ ತಾಗಿಸಿದ ಕೂಡಲೇ ಅದರ ಬಿಟ್ (ಬಿಸಿಯಾಗುವ ತುದಿ) ತಣಿಯುತ್ತದೆ, ಟ್ಯಾಬ್ (ಮೋಟರಿನಲ್ಲಿ ವೈರ್ ಬೆಸೆಯುವ ಲೋಹದ ಪಟ್ಟಿ) ಬೇಕಾದಷ್ಟು ಕಾಯುವುದೇ ಇಲ್ಲ. ಅರ್ಧ ನಿಮಿಷ ಒತ್ತಿ ಹಿಡಿದರೆ ಆ ಬಿಸಿಯೆಲ್ಲ ನಿಧಾನವಾಗಿ ಒಳಗೆ ಇಳಿದು ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ಮೆತ್ತಗಾಗುತ್ತದೆ, ಬ್ರಷ್ ಕೂರುವ ಲೋಹದ ಭಾಗ ಓರೆಯಾಗುತ್ತದೆ, ಬ್ರಷ್ ಸ್ಪ್ರಿಂಗಿನ ಬಿಗಿಯೂ ಸಡಿಲುತ್ತದೆ. ಆಮೇಲೆ ಬೆಸುಗೆ ಹಿಡಿದರೂ ಮೋಟರ್ ಮೊದಲಿನ ಹಾಗೆ ಓಡುವುದಿಲ್ಲ.

60 ವಾಟಿನ, ಉಷ್ಣತೆ ಹೊಂದಿಸಬಹುದಾದ ಐರನ್ ತನ್ನಿ. ಬಿಟ್ ಸೂಜಿಮೊನೆಯದು ಬೇಡ, 4–5 ಮಿ.ಮೀ. ಅಗಲದ ಉಳಿ ಆಕಾರದ್ದು ಬೇಕು. ಸೂಜಿಮೊನೆ ಎಷ್ಟು ಕಾದಿದ್ದರೂ ಟ್ಯಾಬಿಗೆ ಒಂದು ಚುಕ್ಕೆಯಷ್ಟೇ ತಾಗುತ್ತದೆ, ಬಿಸಿ ದಾಟಲು ದಾರಿಯೇ ಇರುವುದಿಲ್ಲ. 380 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಡಿ. ಸೀಸ 60/40 ಅಥವಾ 63/37 (ತವರ ಮತ್ತು ಸೀಸದ ಶೇಕಡಾ ಪ್ರಮಾಣ) ಇರಲಿ. 63/37 ಸರಿಯಾಗಿ 183 ಡಿಗ್ರಿಗೆ ಕರಗಿ ಅಲ್ಲೇ ಗಟ್ಟಿಯಾಗುತ್ತದೆ, ಆದ್ದರಿಂದ ಕೈ ಸ್ವಲ್ಪ ಅಲುಗಿದರೂ ಬೆಸುಗೆ ಕೆಡುವ ಸಂಭವ ಕಡಿಮೆ. ಸೀಸರಹಿತ ಬಗೆಗಳಿಗೆ 217 ಡಿಗ್ರಿಗೂ ಮೇಲೆ ಬೇಕು. ಕಲಿಯುವವರಿಗೆ ಅದು ಸುಮ್ಮನೆ ತೊಂದರೆ.

ಇನ್ನು ಕೆಲಸ. ಟ್ಯಾಬನ್ನು ಮರಳು ಕಾಗದದಿಂದ ಹೊಳಪು ಬರುವಷ್ಟು ಉಜ್ಜಿ. ಅದಕ್ಕೆ ಮೊದಲು ಮೋಟರಿನ ಗಾಳಿಕಂಡಿಗಳಿಗೆ ಟೇಪ್ ಅಂಟಿಸಿ. ಲೋಹದ ಪುಡಿ ಒಳಗೆ ಹೋದರೆ ಮತ್ತೆ ತೆಗೆಯುವುದು ಕಷ್ಟ. ವೈರಿನ ತುದಿ 5 ಮಿ.ಮೀ. ಬಿಡಿಸಿ, ಎಳೆಗಳನ್ನು ಹುರಿಮಾಡಿ, ರೋಸಿನ್ ಫ್ಲಕ್ಸ್ (ಸೀಸ ಹಿಡಿಯಲು ನೆರವಾಗುವ ರಾಳದ ಲೇಪ) ಸವರಿ ಸೀಸ ಕುಡಿಸಿ. ಟ್ಯಾಬಿಗೂ ಬೇರೆಯಾಗಿ ತೆಳ್ಳಗೆ ಸೀಸ ಬಳಿಯಿರಿ. ಈಗ ಎರಡನ್ನೂ ಒತ್ತಟ್ಟಿಗೆ ಇಟ್ಟು, ಬಿಟ್ಟಿನ ಮೇಲೆ ಒಂದು ಹನಿ ಹಸಿ ಸೀಸ ಇಟ್ಟುಕೊಂಡು ಒತ್ತಿ. ಆ ಹನಿಯೇ ಬಿಸಿಯನ್ನು ದಾಟಿಸುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಎರಡೂ ಕಡೆಯ ಸೀಸ ಒಂದಾಗಿ ಹರಿಯಬೇಕು. ಐದು ಸೆಕೆಂಡಾದರೂ ಹರಿಯದಿದ್ದರೆ ಐರನ್ ಎತ್ತಿ, ಮೋಟರ್ ಪೂರ್ತಿ ತಣಿದ ಮೇಲೆ ಮತ್ತೆ ಮಾಡಿ. ಐರನ್ ತೆಗೆದ ಮೇಲೂ ಸೀಸದ ಹೊಳಪು ಮಸುಕಾಗುವವರೆಗೆ ವೈರನ್ನು ಅಲುಗಿಸಬೇಡಿ. ಬೆಸುಗೆ ಟ್ಯಾಬಿನ ಮೇಲೆ ತಗ್ಗಾಗಿ ಹರಡಿ ನಿಂತಿದ್ದರೆ ಸರಿ. ಉಬ್ಬಿದ ಮಣಿಯಂತೆ ಕೂತಿದ್ದರೆ ಅದು ಹಿಡಿದಿಲ್ಲ, ಉಗುರು ಹಾಕಿ ಎಬ್ಬಿಸಿದರೆ ಕಿತ್ತು ಬರುತ್ತದೆ.

ನಲ್ಲಿ, ತಗಡಿನ ಕೆಲಸಕ್ಕೆಂದು ಮಾರುವ ಆಸಿಡ್ ಫ್ಲಕ್ಸನ್ನು ಮಾತ್ರ ಹತ್ತಿರ ತರಬೇಡಿ. ಸೀಸ ಬೇಗ ಹಿಡಿಯುತ್ತದೆ ನಿಜ, ಆದರೆ ಉಳಿದ ಆಸಿಡ್ ಎಳೆಗಳ ನಡುವೆ ಕೂತು ತಾಮ್ರವನ್ನು ತಿನ್ನುತ್ತದೆ. ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಈ ಹಾಳು ಇನ್ನೂ ಬೇಗ.

ಪ್ರಶ್ನೆ (ಮಲ್ಪೆ): ಬೆಸುಗೆ ಗಟ್ಟಿಯಾಗಿಯೇ ಇದೆ, ವೈರ್ ಮಾತ್ರ ಅದರ ಪಕ್ಕದಲ್ಲೇ ತುಂಡಾಗುತ್ತದೆ. ಕಾರನ್ನು ಹೆಚ್ಚಾಗಿ ಓಡಿಸುವುದು ಬೀಚಿನಲ್ಲಿ. ಬಿಡಿಸಿ ನೋಡಿದರೆ ಎಳೆಗಳು ಕಪ್ಪಾಗಿವೆ.

ಉತ್ತರ: ಇಲ್ಲಿ ಎರಡು ತೊಂದರೆಗಳಿವೆ. ಒಂದು, ಸೀಸ ಇನ್ಸುಲೇಶನ್ನಿನ ಒಳಗೂ ಏರಿದೆ. ಅಷ್ಟು ಉದ್ದದ ವೈರ್ ಕಡ್ಡಿಯಾಗುತ್ತದೆ. ಗಟ್ಟಿ ಭಾಗ ಮುಗಿದು ಮೆತ್ತನೆಯದು ಶುರುವಾಗುವ ಗೆರೆಯಲ್ಲೇ ಕಾರಿನ ಅದುರಾಟ ಪೂರ್ತಿ ಬಿದ್ದು ಎಳೆಗಳು ಒಂದೊಂದಾಗಿ ಕತ್ತರಿಸುತ್ತವೆ. ಸೀಸ ಕುಡಿಸುವಾಗ ಇನ್ಸುಲೇಶನ್ ಶುರುವಾಗುವಲ್ಲಿ ಚಿಮುಟದಿಂದ ಕಚ್ಚಿ ಹಿಡಿಯಿರಿ, ಬಿಸಿ ಮುಂದಕ್ಕೆ ಹೋಗುವುದಿಲ್ಲ. ಮೋಟರಿನಿಂದ 3–4 ಸೆಂ.ಮೀ. ದೂರದಲ್ಲಿ ವೈರನ್ನು ಟೈ ಹಾಕಿ ಚಾಸಿಗೆ ಕಟ್ಟಿ, ನಡುವೆ ಸ್ವಲ್ಪ ಸಡಿಲ ಬಿಡಿ.

ಎರಡನೆಯದು ಕಿಲುಬು. ಉಪ್ಪುನೀರು ತುದಿಯಿಂದ ಒಳಗೆ ಇಳಿದಿದೆ. ಕಪ್ಪಾದ ತಾಮ್ರಕ್ಕೆ ಎಷ್ಟು ಫ್ಲಕ್ಸ್ ಬಳಿದರೂ ಸೀಸ ಹಿಡಿಯದು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಮೂರು ನಾಲ್ಕು ಸೆಂ.ಮೀ. ಆದರೂ ಸಿಗದಿದ್ದರೆ ಇಡೀ ವೈರನ್ನೇ ಬದಲಾಯಿಸಿ. ಹೊಸ ಬೆಸುಗೆಯ ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದರೆ ತೇವ ನುಗ್ಗುವುದಿಲ್ಲ. ಟ್ಯಾಬ್ ಹತ್ತಿರ ಅದಕ್ಕೆ ಜಾಗ ಇಲ್ಲದ ಮೋಟರಿನಲ್ಲಿ, ಓಡಿಸಿದ ದಿನವೇ ಮರಳು ಊದಿ ಒರೆಸುವುದೊಂದೇ ದಾರಿ.

ಪ್ರಶ್ನೆ (ಕದ್ರಿ): ಮನೆಯ ವೈರಿಂಗಿನಲ್ಲಿ ಉಳಿದ 2.5 ಚದರ ಮಿ.ಮೀ. ವೈರ್ ಬಳಸಬಹುದೇ?

ಉತ್ತರ: ತಾಮ್ರದ ಅಳತೆ ಸಾಕು, ಆರ್‌ಸಿಯಲ್ಲಿ ಸಾಮಾನ್ಯವಾದ 14 ಎಡಬ್ಲ್ಯೂಜಿ (ಅಮೆರಿಕನ್ ವೈರ್ ಗೇಜ್) ವೈರ್ 2.08 ಚದರ ಮಿ.ಮೀ., 12 ಎಡಬ್ಲ್ಯೂಜಿ 3.31. ಆದರೂ ಬೇಡ. ಮನೆಯ ವೈರಿನ ಪಿವಿಸಿ ಬೆಸುಗೆಯ ಬಿಸಿಗೆ ಕರಗಿ ಹಿಂದಕ್ಕೆ ಸರಿಯುತ್ತದೆ, ಎಳೆಗಳೂ ದಪ್ಪ, ಬಾಗುವುದಿಲ್ಲ. 14 ಎಡಬ್ಲ್ಯೂಜಿ ಸಿಲಿಕೋನ್ ವೈರಿನಲ್ಲಿ 0.08 ಮಿ.ಮೀ.ನ 400 ಎಳೆಗಳಿರುವುದು ಸಾಮಾನ್ಯ. ಹೊದಿಕೆ 200 ಡಿಗ್ರಿ ತಾಳುತ್ತದೆ. ಕೊಳ್ಳುವಾಗ ಹೊದಿಕೆಯ ಮೇಲಿನ ಎಡಬ್ಲ್ಯೂಜಿ ಅಚ್ಚು ನೋಡಿ. ಬರೀ ‘14 ಗೇಜ್’ ಎಂದು ಕೇಳಿದರೆ ಎಸ್‌ಡಬ್ಲ್ಯೂಜಿ (ಬ್ರಿಟಿಷ್ ವೈರ್ ಗೇಜ್) ಎಂದು ತಿಳಿದು 3.24 ಚದರ ಮಿ.ಮೀ.ನದನ್ನು ಕೊಟ್ಟಾರು.

ಪ್ರಶ್ನೆ (ಮಣಿಪಾಲ): ಬ್ರಷ್‌ಲೆಸ್ ಮೋಟರ್ ಉಲ್ಟಾ ತಿರುಗುತ್ತಿದೆ. ಮೂರು ವೈರಿನಲ್ಲಿ ಯಾವುದು ತಪ್ಪಾಗಿದೆ?

ಉತ್ತರ: (ರೋಟರಿನ ಸ್ಥಾನ ತಿಳಿಸುವ) ಸೆನ್ಸರ್ ಇಲ್ಲದ್ದಾದರೆ ಯಾವ ಎರಡನ್ನಾದರೂ ಅದಲು ಬದಲು ಮಾಡಿ, ಸರಿಯಾಗುತ್ತದೆ. ಸೆನ್ಸರ್ ಕೇಬಲ್ ಇರುವ ಮೋಟರಿನಲ್ಲಿ ಹಾಗೆ ಮಾಡಲೇಬಾರದು: ಮೋಟರಿನ ಮತ್ತು ಇಎಸ್‌ಸಿಯ (ಮೋಟರಿನ ವೇಗ ನಿಯಂತ್ರಿಸುವ ಸಾಧನದ) ಗುರುತುಗಳು ಎ–ಎ, ಬಿ–ಬಿ, ಸಿ–ಸಿ ಎಂದೇ ಸೇರಬೇಕು. ದಿಕ್ಕನ್ನು ಇಎಸ್‌ಸಿಯ ಸೆಟ್ಟಿಂಗಿನಲ್ಲಿ ಬದಲಿಸಿ. ಇನ್ನೊಂದು ಎಚ್ಚರಿಕೆ: ಕೆಲವು ಮೋಟರುಗಳಲ್ಲಿ ಒಳಗಿನ ಸುರುಳಿಯ ತಂತಿಯೇ ಹೊರಗೆ ಬಂದಿರುತ್ತದೆ. ಅದನ್ನು ಗಿಡ್ಡ ಮಾಡಿದರೆ ಪ್ರತಿ ಎಳೆಯ ಮೇಲಿನ ಇನಾಮೆಲ್ ಕೆರೆದು ತೆಗೆಯುವವರೆಗೂ ಸೀಸ ಹಿಡಿಯುವುದಿಲ್ಲ.

ಪ್ರಶ್ನೆ (ಕುಂದಾಪುರ): ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಎಕ್ಸ್‌ಟಿ60 ಕನೆಕ್ಟರ್ ಹಾಕುವುದು ಹೇಗೆ?

ಉತ್ತರ: ಹಳೆಯ ಕನೆಕ್ಟರಿನ ಎರಡು ವೈರನ್ನೂ ಒಂದೇ ಸಲ ಕತ್ತರಿಸಬೇಡಿ. ಕತ್ತರಿಯ ಬಾಯಿಯೇ ಎರಡನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ. 5000 ಎಂಎಎಚ್ ಲಿಪೋ ಆ ಗಳಿಗೆಯಲ್ಲಿ ನೂರಾರು ಆಂಪಿಯರ್ ಹರಿಸಿ ಬೆಂಕಿ ಹಿಡಿಯಬಹುದು. ಕಪ್ಪು ವೈರ್ ಕತ್ತರಿಸಿ, ಹೀಟ್ ಶ್ರಿಂಕ್ ತೂರಿಸಿ, ಬೆಸೆದು, ಮುಚ್ಚಿ. ಅಲ್ಲಿಯವರೆಗೆ ಕೆಂಪು ವೈರ್ ಹಳೆಯ ಕನೆಕ್ಟರಿನಲ್ಲೇ ಇರಲಿ. ಕನೆಕ್ಟರಿನ ಮೇಲೆ ಅಚ್ಚಾಗಿರುವ + ಗುರುತಿಗೆ ಕೆಂಪು. ಬ್ಯಾಟರಿ ಕಡೆಗೆ ಹೆಣ್ಣು ಕನೆಕ್ಟರೇ ಬೇಕು, ಅದರ ಲೋಹ ಹೊರಗೆ ತೋರುವುದಿಲ್ಲ. ಬೆಸೆಯುವಾಗ ಅದಕ್ಕೆ ವೈರಿಲ್ಲದ ಒಂದು ಗಂಡು ಕನೆಕ್ಟರ್ ಸಿಕ್ಕಿಸಿಡಿ. ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನುಗಳು ಓರೆಯಾಗವು. ಎರಡೂ ವೈರ್ ಮುಗಿದು ತಣಿದ ಮೇಲೆ ಅದನ್ನು ತೆಗೆದು, ಇಎಸ್‌ಸಿಗೆ ಚುಚ್ಚುವ ಮೊದಲು ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡಿ. ಎರಡು ಸೆಲ್‌ನ ಪ್ಯಾಕ್ ಪೂರ್ತಿ ಚಾರ್ಜಾಗಿದ್ದರೆ 8.4 ವೋಲ್ಟ್. ಅಂಕಿಯ ಎಡಕ್ಕೆ ಮೈನಸ್ ಚಿಹ್ನೆ ಕಂಡರೆ ಮೊದಲು ಮೀಟರಿನ ಕಡ್ಡಿಗಳನ್ನು ಪರೀಕ್ಷಿಸಿ. ಅವು ಸರಿಯಿದ್ದರೆ ಕನೆಕ್ಟರಿನಲ್ಲಿ ವೈರ್ ತಿರುವುಮುರುವಾಗಿದೆ, ಇಎಸ್‌ಸಿಗೆ ಚುಚ್ಚಬೇಡಿ.