ಐರನ್ ಮಾತ್ರೆ ನುಂಗಿದರೂ ರಕ್ತ ಯಾಕೆ ಏರುತ್ತಿಲ್ಲ?

ದಾವಣಗೆರೆಯ ಓದುಗರೊಬ್ಬರ ಪತ್ರ ಇದು. ತಂದೆಗೆ ತುಂಬಾ ವರ್ಷಗಳಿಂದ ಶುಗರ್, ಈಗ ಕಿಡ್ನಿಗೂ ತೊಂದರೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಇಂಟರ್‌ಸ್ಟಿಷಿಯಲ್ ಫೈಬ್ರೋಸಿಸ್ 40%’ (ಕಿಡ್ನಿಯ ಕೊಳವೆಗಳ ನಡುವಿನ ಸಂದಿಯಲ್ಲಿ ಕಲೆಗಟ್ಟುವುದು) ಎಂದಿದೆ. ಹಿಮೋಗ್ಲೋಬಿನ್ 8.4. ಬೀಟ್‌ರೂಟ್ ಜ್ಯೂಸ್, ಖರ್ಜೂರ, ಐರನ್ ಮಾತ್ರೆ ಎಲ್ಲ ಆಯಿತು, ಏರುತ್ತಲೇ ಇಲ್ಲ. ‘ಊಟದಲ್ಲಿ ನಾವೇನಾದ್ರೂ ತಪ್ಪು ಮಾಡ್ತಿದ್ದೇವಾ?’ ಎಂದು ಕೇಳಿದ್ದಾರೆ.

ಇಲ್ಲ. ಊಟದಲ್ಲಿ ತಪ್ಪು ಹುಡುಕಬೇಡಿ. ರಿಪೋರ್ಟಿನ ಆ ಸಾಲಿಗೂ ಈ 8.4ಕ್ಕೂ ನೇರ ಸಂಬಂಧ ಇದೆ.

ಕಿಡ್ನಿ ಅಂದ ಕೂಡಲೇ ಎಲ್ಲರೂ ಸೋಸುವ ಕೆಲಸದ ಬಗ್ಗೆಯೇ ಮಾತಾಡುತ್ತಾರೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್ ಎಂಬ ಸೋಸುವ ಘಟಕಗಳಿವೆ, ಸರಿ. ಆದರೆ ಅವುಗಳ ಕೊಳವೆಗಳ ನಡುವಿನ ಸಂದಿಯಲ್ಲಿ, ಸಣ್ಣ ರಕ್ತನಾಳಗಳಿಗೆ ಆತುಕೊಂಡು ಬೇರೆಯೇ ಜೀವಕೋಶಗಳಿವೆ, ಅವನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆಮ್ಲಜನಕ ಕಡಿಮೆಯಾದರೆ ಇವುಗಳಲ್ಲಿ ಕೆಲವು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ಅಸ್ಥಿಮಜ್ಜೆಗೆ ಹೋಗಿ ಕೆಂಪು ರಕ್ತಕಣ ತಯಾರು ಮಾಡಿಸುತ್ತದೆ. ದೊಡ್ಡವರಲ್ಲಿ ಈ ಹಾರ್ಮೋನಿನ ಸುಮಾರು 90% ಕಿಡ್ನಿಯಿಂದಲೇ ಬರಬೇಕು.

ಶುಗರ್‌ನಿಂದ ಕೊಳವೆಗಳಿಗೆ ಪೆಟ್ಟು ಬಿದ್ದಾಗ ಅವು ಟಿಜಿಎಫ್-ಬೀಟಾದಂಥ ಸಂಕೇತಗಳನ್ನು ಹೊರಗೆ ಬಿಡುತ್ತವೆ. ಅದು ಮುಟ್ಟಿದ ಸಂದಿಯ ಕೋಶ ತನ್ನ ಕಸುಬನ್ನೇ ಬದಲಿಸುತ್ತದೆ: ಮಯೋಫೈಬ್ರೋಬ್ಲಾಸ್ಟ್ ಎಂಬ ಕಲೆ ಕಟ್ಟುವ ಕೋಶವಾಗಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಸುರಿಯಲು ಶುರು ಮಾಡುತ್ತದೆ. ಗಾಯ ಮಾಯಿಸಲು ಹೊರಟ ಕೆಲಸವೇ ಇದು, ಆದರೆ ಪೆಟ್ಟು ನಿಲ್ಲದಿದ್ದರೆ ಇದೂ ನಿಲ್ಲುವುದಿಲ್ಲ, ಬೆಳೆ ತೆಗೆಯುವುದು ಬಿಟ್ಟು ಹೊಲದ ತುಂಬ ಬೇಲಿ ಹಾಕುತ್ತಾ ಹೋದ ಹಾಗೆ. ಕೊಲಾಜೆನ್ ತುಂಬಿದಷ್ಟೂ ಕೊಳವೆಗೂ ರಕ್ತನಾಳಕ್ಕೂ ಅಂತರ ಜಾಸ್ತಿ, ಆಮ್ಲಜನಕ ಕಡಿಮೆ, ಮತ್ತೆ ಪೆಟ್ಟು. ಅತ್ತ ಕಸುಬು ಬದಲಿಸಿದ ಕೋಶಗಳಲ್ಲಿ ಹಾರ್ಮೋನ್ ತಯಾರಿ ಬಂದ್. ರಕ್ತ ಮಾಡು ಎಂದು ಮಜ್ಜೆಗೆ ಹೇಳುವವರೇ ಇಲ್ಲದಾಗ ಬರೀ ಐರನ್ ಕೊಟ್ಟು ಏನು ಮಾಡುವುದು, ಅಲ್ವಾ? (ಐರನ್ ಕೊರತೆ, ಉರಿಯೂತ ಕೂಡ ಇದರ ಜೊತೆ ಸೇರಿಕೊಂಡಿರಬಹುದು. ಹಾಗಾಗಿ ಮಾತ್ರೆ ನಿಲ್ಲಿಸಬೇಡಿ.)

ಅಂದ ಹಾಗೆ ಬೀಟ್‌ರೂಟ್, ಖರ್ಜೂರ ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸೋತವರಿಗೆ ಅದು ಹೃದಯಕ್ಕೇ ಅಪಾಯ ತರಬಹುದು. ಪೊಟ್ಯಾಸಿಯಂ ಟೆಸ್ಟ್ ಮಾಡಿಸಿ ಡಾಕ್ಟರನ್ನು ಕೇಳುವವರೆಗೆ ಎರಡನ್ನೂ ನಿಲ್ಲಿಸಿ.

40% ನೋಡಿ ಹೆದರಿದ್ದೀರಿ. ಕಿಡ್ನಿ ಮುಂದೆ ಎಷ್ಟು ದಿನ ಓಡುತ್ತದೆ ಎಂದು ಅಂದಾಜು ಮಾಡಲು ಸೋಸುವ ಭಾಗಕ್ಕಿಂತ ಈ ಸಂದಿಯ ಸ್ಥಿತಿಯೇ ಹೆಚ್ಚು ನೆರವಾಗುತ್ತದೆ, ಹಾಗಾಗಿ ಅದು ಸುಮ್ನೆ ಬಿಡುವ ಸಂಖ್ಯೆಯಲ್ಲ. ಪೆಟ್ಟು ನಿಂತರೆ ಇಂಥ ಕೆಲವು ಕೋಶಗಳು ಹಳೆ ಕಸುಬಿಗೆ ಮರಳುವುದನ್ನು ಇಲಿಗಳಲ್ಲಿ ನೋಡಿದ್ದಾರೆ. ಮನುಷ್ಯರಲ್ಲಿ ಆದ ಕಲೆಯನ್ನು ಅಳಿಸುವ ಔಷಧ ಇನ್ನೂ ಬಂದಿಲ್ಲ. ಶುಗರ್, ಬಿಪಿ ಹಿಡಿತದಲ್ಲಿಟ್ಟು ಹೊಸ ಪೆಟ್ಟು ಕಡಿಮೆ ಮಾಡಬಹುದು, ಅಷ್ಟೇ.

ರಕ್ತಕ್ಕೆ ಮಾತ್ರ ದಾರಿ ಇದೆ. 1977ರಲ್ಲಿ ವಿಜ್ಞಾನಿಗಳಾದ ಗೋಲ್ಡ್‌ವಾಸರ್ ಮತ್ತು ಮಿಯಾಕೆ 2,550 ಲೀಟರ್ ಮೂತ್ರದಿಂದ ಈ ಹಾರ್ಮೋನನ್ನು ಕೆಲವೇ ಮಿಲಿಗ್ರಾಂ ಶುದ್ಧವಾಗಿ ತೆಗೆದರು. ಜಪಾನಿನ ರಕ್ತಹೀನತೆಯ ರೋಗಿಗಳಿಂದ ಕೂಡಿಸಿದ ಮೂತ್ರ ಅದು! 1989ರಲ್ಲಿ ಅಮೆರಿಕದಲ್ಲಿ ಈ ಹಾರ್ಮೋನಿನ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. 2022ರಿಂದ ಭಾರತದಲ್ಲಿ ಡೆಸಿಡುಸ್ಟಾಟ್ ಮಾತ್ರೆಯೂ ಇದೆ, ಅದು ದೇಹದಲ್ಲೇ ಹಾರ್ಮೋನ್ ಹೆಚ್ಚಿಸುತ್ತದೆ. ಯಾವುದು ಸೂಕ್ತ ಎಂದು ನೆಫ್ರಾಲಜಿಸ್ಟ್ ಹೇಳಬೇಕು. ಮೊದಲು ದೇಹದಲ್ಲಿ ಐರನ್ ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ಮತ್ತು ಟಿಸ್ಯಾಟ್ ಟೆಸ್ಟ್ ಮಾಡಿಸಿ. ಹಿಮೋಗ್ಲೋಬಿನ್ 14ಕ್ಕೆ ಏರಿಸಿ ಎಂದು ಒತ್ತಾಯ ಮಾತ್ರ ಮಾಡಬೇಡಿ, ಅಷ್ಟು ಏರಿಸಲು ಹೋದ ಪ್ರಯೋಗಗಳಲ್ಲಿ ಸ್ಟ್ರೋಕ್, ಹೃದಯದ ತೊಂದರೆ ಹೆಚ್ಚಾಗಿದ್ದವು. 11ರ ಆಸುಪಾಸಿನಲ್ಲಿ ಡಾಕ್ಟರು ನಿಲ್ಲಿಸಿದರೆ ಅದು ಬೇಕೆಂದೇ ಮಾಡಿದ್ದು.

— ಸಂ.