ಸುರಂಗದ ಲೆಕ್ಕ ಊರಲ್ಲೂ ಉಳಿಯಲಿ

ಪ್ರಶ್ನೆ: ನಮ್ಮೂರಿನ ಸುರಂಗಗಳ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಮಾರ್ಗಗಳ) ನೀರು ಅಳೆಯಲು ಕಾಲೇಜಿನವರು ಬರುತ್ತಾರಂತೆ. ಹಿಂದೆ ಬಂದವರ ವರದಿ ನಮ್ಮ ಕೈಸೇರಲೇ ಇಲ್ಲ. ಈ ಸಲ ಏನು ಮಾಡೋಣ?
– ಓದುಗರೊಬ್ಬರು, ಎಣ್ಮಕಜೆ, ಕಾಸರಗೋಡು

ಉತ್ತರ: ಅಳತೆಗೆ ಮೊದಲೇ ಒಪ್ಪಂದವಾಗಲಿ, ಅದೂ ಕನ್ನಡದಲ್ಲಿ. ಏನನ್ನು ಅಳೆಯಬೇಕೆಂದು ಊರವರೂ ಕೂತು ನಿರ್ಧರಿಸಿ. ಮೂಲ ದಾಖಲೆ ಪುಸ್ತಕ ಊರಲ್ಲೇ ಇರಲಿ, ಕಾಲೇಜಿಗೆ ಪ್ರತಿ ಸಾಕು. ಮನೆಯವರ ಹೆಸರು, ಜಾಗದ ಗುರುತು ಒಪ್ಪಿಗೆಯಿಲ್ಲದೆ ಅಚ್ಚಾಗಬಾರದು. ಅಳೆಯುವ ಹುಡುಗರಿಗೆ ದಿನಗೂಲಿ ಎಷ್ಟೆಂದೂ ಬರೆಸಿ. ಇದನ್ನು ಕೇಳಲು ಸಂಕೋಚಪಡಬೇಡಿ.

ಅಳತೆ ಕಷ್ಟವಲ್ಲ. ಸುರಂಗದ ಬಾಯಲ್ಲಿ ಅಡಿಕೆ ದಂಬೆ (ಅಡಿಕೆ ಮರ ಸೀಳಿ ಮಾಡಿದ ನೀರಿನ ದೋಣಿ) ಇಟ್ಟು, ಸುತ್ತ ಜೇಡಿಮಣ್ಣು ಮೆತ್ತಿ, 10 ಲೀಟರ್ ಬಕೆಟ್ ತುಂಬುವ ಸಮಯ ನೋಡಿ. 50 ಸೆಕೆಂಡಾದರೆ ನಿಮಿಷಕ್ಕೆ 12 ಲೀಟರ್. ಮೂರು ಸಲ ಹಿಡಿದು ಸರಾಸರಿ ತೆಗೆಯಿರಿ. ತಪ್ಪಾಗುವುದು ಹೆಚ್ಚಾಗಿ ದಂಬೆಯಡಿ ಸೋರುವ ನೀರಿನಿಂದ. ಬಕೆಟ್ ಬದಲಾದರೂ ಲೆಕ್ಕ ಕೆಡುತ್ತದೆ. 15 ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಕನಿಷ್ಠ ಒಂದು ವರ್ಷ ಬೇಕು. ಮಳೆಗಾಲದ ಅಂಕಿ ಮಾತ್ರ ಇದ್ದರೆ ಏಪ್ರಿಲ್‌ನ ಬರ ಕಾಣುವುದಿಲ್ಲ. ಅಳೆಯಲೆಂದು ಯಾರೂ ಒಳಗೆ ಹೋಗಬೇಡಿ, ಮುರಕಲ್ಲು (ಜಂಬಿಟ್ಟಿಗೆ) ಕುಸಿದೀತು.

ವರದಿಯ ಕರಡನ್ನು ಮೊದಲು ಗ್ರಾಮಸಭೆಯಲ್ಲಿ ಓದಿಸಿ. ಹತ್ತಿರದ ಕೊಳವೆಬಾವಿಗಳ ಆಳವನ್ನೂ ಅದರಲ್ಲಿ ಸೇರಿಸಿದ್ದರೆ ಪಂಚಾಯತಿನ ಮುಂದೆ ನೀರಿನ ಬಗ್ಗೆ ನೀವಿಡುವ ಬೇಡಿಕೆಗೆ ಬಲ ಬರುತ್ತದೆ.